ಹಗ್ಗವಿಲ್ಲದ ಬಂಧನ

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕಡೆಯದು ಅನ್ನಪಾನನಿರೋಧ. ಇವನ್ನು ನಾವು ಸಾಮಾನ್ಯವಾಗಿ ದನಕರುಗಳ, ಆಳುಕಾಳುಗಳ ವಿಷಯದಲ್ಲಿ ಹೇಳುತ್ತೇವೆ. ವೃದ್ಧಾಶ್ರಮಗಳಲ್ಲಿ ಮರೆವಿನ ರೋಗಕ್ಕೆ ತುತ್ತಾಗಿರುವ ಹಿರಿಯರ ವಿಷಯದಲ್ಲಿಯೂ ಇವು ಸಲ್ಲುತ್ತವೆಂಬುದು ನನ್ನ ಭಾವನೆ.

ಇಂಥವರು ಕೂಗಾಡುವುದು, ಸ್ನಾನ ಮಾಡಿಸುವವರಿಗೆ ಹೊಡೆಯುವುದು, ಬಾಗಿಲಿನತ್ತ ಧಾವಿಸುವುದು ಉಂಟು. ಗುಳಿಗೆ ಕೊಟ್ಟು ಮಲಗಿಸುವುದು ಆಗ ಸುಲಭೋಪಾಯ. ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಔಷಧದಿಂದ ಹತೋಟಿಯಲ್ಲಿಡುವುದನ್ನು ಅಮೆರಿಕದ 1987ರ ಶಾಸನವು ಕಟ್ಟಿಹಾಕುವುದರೊಡನೆಯೇ ಸೇರಿಸಿ ನಿಷೇಧಿಸಿತು. ಚಿತ್ತವಿಕಾರಕ್ಕೆ ಕೊಡುವ ಕೆಲವು ಹೊಸ ಔಷಧಗಳಿಂದ ಇಂಥ ವೃದ್ಧರಲ್ಲಿ ಮರಣದ ಸಂಭವ 1.6ರಿಂದ 1.7 ಪಟ್ಟು ಆಗುತ್ತದೆಂದು ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆಯು 2005ರಲ್ಲಿ ಎಚ್ಚರಿಸಿತು. 2008ರಲ್ಲಿ ಹಳೆಯ ಔಷಧಗಳಿಗೂ ಈ ಎಚ್ಚರಿಕೆಯನ್ನು ಅನ್ವಯಿಸಿತು.

ಹಾಗಾದರೆ ಮಾರ್ಗವೇನು? ತಾಳೆಪಟ್ಟಿ ಹೊಂದದಿದ್ದರೆ ವ್ಯಾಪಾರಿಯು ಅಂಕಿಯನ್ನು ಅಳಿಸುವುದಿಲ್ಲ. ಹಿಂದಿನ ಪುಟಗಳನ್ನು ತಿರುವಿ ಕಾರಣ ಹುಡುಕುತ್ತಾನೆ. ಇಲ್ಲಿಯೂ ಅದೇ ನ್ಯಾಯ. ಕೂಗಿದ್ದು ಎಷ್ಟು ಗಂಟೆಗೆ, ಮುಂಚೆ ನಡೆದದ್ದೇನು, ಹತ್ತಿರವಿದ್ದವರಾರು ಎಂಬುದನ್ನು ದಿನವೂ ಬರೆದಿಟ್ಟರೆ ಹಸಿವು, ಬಾಯಾರಿಕೆ, ಮಲಬದ್ಧತೆ, ಮೂತ್ರದ ಸೋಂಕು, ಮಂದವಾದ ಕಿವಿ ಮುಂತಾದ ಕಾರಣಗಳು ಹೊರಬೀಳುವುದುಂಟು. ನಾರ್ವೆಯಲ್ಲಿ 352 ರೋಗಿಗಳನ್ನೊಳಗೊಂಡ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. 8 ವಾರ ಕ್ರಮವಾಗಿ ನೋವಿಗೆ ಚಿಕಿತ್ಸೆ ಪಡೆದವರಲ್ಲಿ ಉದ್ರೇಕವು ಶೇಕಡಾ 17ರಷ್ಟು ತಗ್ಗಿತ್ತು. ಹೇಳಲಾರದ ನೋವೇ ಕೂಗಾಗಿತ್ತು.

ನನ್ನ ಸೋದರತ್ತೆಯವರು ಇದ್ದ ಆಶ್ರಮದಲ್ಲಿ ರಾತ್ರಿ ಏಳೂವರೆಗೆ ಊಟ. ಅವರು ದಿನವೂ ತಟ್ಟೆ ತಳ್ಳಿ ಕೂಗುತ್ತಿದ್ದರು. ನಿದ್ರೆಯ ಗುಳಿಗೆಯ ಮಾತು ಬಂದಿತ್ತು. ಸಂಜೆಯಾಗುತ್ತಲೇ ಅವರು ಕಿಟಕಿಯತ್ತ ನೋಡಿ ಚಡಪಡಿಸುವುದನ್ನು ಒಬ್ಬ ಆಯಾ ಗಮನಿಸಿ ನಮ್ಮನ್ನು ವಿಚಾರಿಸಿದಳು. ಅರುವತ್ತು ವರ್ಷ ಸೂರ್ಯಾಸ್ತದ ನಂತರ ಅನ್ನ ಮುಟ್ಟದ ಜೀವವದು! ಮಕ್ಕಳ ಹೆಸರು ಮರೆತಿತ್ತು, ವ್ರತ ಮರೆತಿರಲಿಲ್ಲ. ಐದೂವರೆಗೆ ಊಟ ಬಡಿಸತೊಡಗಿದ ಮೇಲೆ ಆ ಕೂಗು ನಿಂತಿತು.

ಔಷಧವೇ ವರ್ಜ್ಯವೆಂದು ಇದರ ಅರ್ಥವಲ್ಲ. ತಮಗಾಗಲಿ ಪರರಿಗಾಗಲಿ ಅಪಾಯವಾಗುವ ಸಂದರ್ಭದಲ್ಲಿ ಅದು ಬೇಕಾದೀತು. ಕೊಡುತ್ತಿರುವುದನ್ನು ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು. ಆದರೆ ಮೊದಲ ಪ್ರಶ್ನೆ ‘ಏನು ಕೊಡೋಣ’ ಎಂದಾಗದೆ ‘ಇವರಿಗೆ ಏನು ಬೇಕಾಗಿದೆ’ ಎಂದಾಗಬೇಕು. ಹಿರಿಯರನ್ನು ಆಶ್ರಮಕ್ಕೆ ಸೇರಿಸುವವರು ಕಾಯಿಲೆಗಳ ಪಟ್ಟಿಯೊಡನೆ ಅವರ ಊಟ, ನಿದ್ರೆ, ಜಪ, ನೇಮಗಳ ಒಂದು ಪುಟವನ್ನೂ ಬರೆದುಕೊಡಲಿ.