ಮಂಜು ಸರಿಯುವವರೆಗೆ

ಬೆಟ್ಟದ ಮೇಲಿನ ಹವಾಮಾನವು ಯಾರ ಕೈಗಡಿಯಾರವನ್ನೂ ನೋಡಿ ನಡೆಯುವುದಿಲ್ಲ. ಇಷ್ಟು ಸರಳವಾದ ಸಂಗತಿಯನ್ನು ಅರಿಯಲು ನನಗೆ ಐವತ್ತು ವರ್ಷಗಳ ಆಯುಷ್ಯವೂ ಒಬ್ಬ ಗೆಳೆಯನ ತಾಳ್ಮೆಯೂ ಬೇಕಾದವು. ಅರಿತದ್ದಾದರೂ ತಡವಾಗಿಯೇ. ಆ ತಡವಾದ ಅರಿವಿನ ಕಥೆಯನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

ನನ್ನ ಬಾಲ್ಯದ ಗೆಳೆಯನೊಬ್ಬ ಸಣ್ಣ ಪಟ್ಟಣವೊಂದರಲ್ಲಿ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ನಾನು ಗುರುಮಠದ ಮೆಟ್ಟಿಲು ಹತ್ತಿದ ವರ್ಷವೇ ಅವನು ಸ್ಟುಡಿಯೋವೊಂದರಲ್ಲಿ ಕೆಲಸ ಕಲಿಯಲು ಸೇರಿದ್ದ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳಿಂದ ಅವನ ಸಂಸಾರ ನಡೆಯಿತು. ಆದರೆ ಅವನ ಮನಸ್ಸೆಲ್ಲ ಇದ್ದದ್ದು ಘಟ್ಟದ ಚಿತ್ರಗಳಲ್ಲಿ. ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ, ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿ, ಬೆಟ್ಟದ ರಸ್ತೆಗಳಲ್ಲಿ ನಾಲ್ಕಾರು ದಿನ ಅಲೆದು ಬರುವುದು ಅವನ ವ್ರತ.

2021ರ ನವೆಂಬರ್ ತಿಂಗಳಲ್ಲಿ ಅವನಿಂದ ಕರೆ ಬಂತು. "ಮೂರು ದಿನ ಬಿಡುವು ಮಾಡಿಕೋ ಮಾರಾಯ. ಮುಳ್ಳಯ್ಯನಗಿರಿಗೆ ಹೋಗಿ, ಚಾರ್ಮಾಡಿಯಲ್ಲಿ ಇಳಿದು ಬರೋಣ. ನವೆಂಬರಿನಲ್ಲಿ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ" ಎಂದ. ಘಟ್ಟವನ್ನು ಬಲ್ಲವರ ಲೆಕ್ಕ ಅದು. ಮುಂಗಾರು ಮುಗಿದು, ಗಾಳಿಯಲ್ಲಿನ ಧೂಳು ಅಡಗಿ, ಬೇಸಿಗೆಯ ಮಬ್ಬು ಇನ್ನೂ ಕವಿಯದ ಕಾಲವದು. ಆದರೆ ಆ ವರ್ಷದ ನವೆಂಬರ್ ಲೆಕ್ಕಕ್ಕೆ ಸಿಗಲಿಲ್ಲ. ಎರಡೂ ಕಡಲುಗಳಲ್ಲಿ ಒಂದಾದ ಮೇಲೊಂದರಂತೆ ವಾಯುಭಾರ ಕುಸಿದು, ರಾಜ್ಯದ ಉದ್ದಗಲಕ್ಕೂ ಅಕಾಲದಲ್ಲಿ ಮಳೆ ಸುರಿಯಿತು.

ಹಳೆಯ ಜೀಪಿನಲ್ಲಿ ಚಿಕ್ಕಮಗಳೂರಿನಿಂದ ಮೇಲೇರುವಾಗ ತುಂತುರು ಹನಿಯುತ್ತಿತ್ತು. ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ. ಎತ್ತರ ಸುಮಾರು 1,930 ಮೀಟರ್. ಕಾಫಿ ತೋಟಗಳು ಹಿಂದೆ ಸರಿದು ಹುಲ್ಲುಗಾವಲಿನ ಇಳಿಜಾರುಗಳು ಎದುರಾಗಬೇಕಾದಲ್ಲಿ ನಮಗೆದುರಾದದ್ದು ಬರಿಯ ಬಿಳುಪು. ಜೀಪಿನ ಮೂತಿಯಾಚೆಗೆ ಹತ್ತು ಮಾರು ದಾರಿಯೂ ಕಾಣದು. ಗೆಳೆಯ ವಾಹನವನ್ನು ಬದಿಗೆ ನಿಲ್ಲಿಸಿ, ಟ್ರೈಪಾಡನ್ನು ನೆಟ್ಟು, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲವನ್ನು ಹೊದಿಸಿ, ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟ.

"ಏನು ಕಾಣುತ್ತದೆಂದು ಕುಳಿತೆ?" ಎಂದು ಕೇಳಿದೆ.

"ಈಗೇನೂ ಇಲ್ಲ. ಕಂಡಾಗ ಟ್ರೈಪಾಡ್ ಬಿಚ್ಚುತ್ತಾ ಕೂರಬಾರದಲ್ಲ" ಎಂದ.

ಆ ದಿನ ನಾಲ್ಕು ಗಂಟೆ ಕಾದೆವು. ಕಾಯುತ್ತಲೇ ಅವನು ನನಗೆ ಮಂಜಿನ ಪಾಠ ಹೇಳಿದ. ಕಡಲಿನಿಂದ ಬಂದ ತೇವದ ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಾಗ ಅದರೊಳಗಿನ ಆವಿ ಸಣ್ಣ ಸಣ್ಣ ಹನಿಗಳಾಗುತ್ತದೆ. ಕೆಳಗಿನ ಊರಿನವರು ಅದನ್ನೇ ಬೆಟ್ಟಕ್ಕೆ ಕವಿದ ಮೋಡವೆನ್ನುತ್ತಾರೆ. ಅದರ ಒಳಗೆ ಸಿಕ್ಕಿಕೊಂಡವರು ಮಂಜು ಎನ್ನುತ್ತಾರೆ. ಇನ್ನೊಂದು ಮಾತನ್ನೂ ಹೇಳಿದ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ಎದುರಿಗಿರುವುದೆಲ್ಲವೂ ನಡುಮಟ್ಟದ ಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆಯಂತೆ. ಅದನ್ನೇ ನಂಬಿದರೆ ಬೆಳ್ಳಗಿನ ಮಂಜು ಚಿತ್ರದಲ್ಲಿ ಕೊಳಕು ಬೂದಿಯಾಗಿ ಬೀಳುತ್ತದೆ. "ಯಂತ್ರ ಸಾಕೆನ್ನುವುದಕ್ಕಿಂತ ಒಂದು ಪಾಲು ಹೆಚ್ಚು ಬೆಳಕು ಕೊಡಬೇಕು. ಆಗ ಮಂಜು ಮಂಜಾಗಿಯೇ ಉಳಿಯುತ್ತದೆ" ಎಂದ. ಮಂಜು ಮಾತ್ರ ಅಂದು ಸರಿಯಲಿಲ್ಲ.

ಮರುದಿನ ಮೂಡಿಗೆರೆಯ ಮಾರ್ಗವಾಗಿ ಕೊಟ್ಟಿಗೆಹಾರದ ಕಡೆಗೆ ಹೊರಟೆವು. ಮಳೆ ಬಿರುಸಾದಾಗ ಪರಿಚಿತ ಕಾಫಿ ಬೆಳೆಗಾರರೊಬ್ಬರ ಮನೆಯಲ್ಲಿ ಆಶ್ರಯ ಪಡೆದೆವು. ಅರೇಬಿಕಾ ಹಣ್ಣಾಗುವ ಕಾಲ. ಹಣ್ಣುಗಳು ಗಿಡದಲ್ಲೇ ಬಿರಿದು ನೆಲಕ್ಕುದುರುತ್ತಿದ್ದವು. ಕೊಯ್ದದ್ದನ್ನು ಒಣಗಿಸಲು ಬಿಸಿಲಿಲ್ಲ. ಕಣದ ತುಂಬ ಟಾರ್ಪಾಲು. ಆ ಹಿರಿಯರು ಟಾರ್ಪಾಲಿನ ಅಂಚನ್ನೆತ್ತಿ ಒಂದು ಹಿಡಿ ಕಾಫಿಯನ್ನು ನನ್ನ ಮೂಗಿನ ಬಳಿ ಹಿಡಿದರು. ಹುಳಿಯ ವಾಸನೆ.

"ನಿಮ್ಮ ಸ್ನೇಹಿತರಿಗೆ ಮೋಡ ಬೇಕು, ನಮಗೆ ಬಿಸಿಲು ಬೇಕು. ಯಾರ ಪ್ರಾರ್ಥನೆ ಮೊದಲು ಕೇಳಬೇಕು ಹೇಳಿ ಫಾದರ್" ಎಂದು ಅವರು ನಕ್ಕರು. ನನ್ನಲ್ಲಿ ಉತ್ತರವಿರಲಿಲ್ಲ. ಗೆಳೆಯನು ಅಂದು ಆ ಮನೆಯಲ್ಲಿ ಕ್ಯಾಮೆರಾವನ್ನು ಹೊರತೆಗೆಯಲೇ ಇಲ್ಲ. ಕಣದ ಟಾರ್ಪಾಲು ಗಾಳಿಗೆ ಹಾರದಂತೆ ಕಲ್ಲುಗಳನ್ನು ಹೊತ್ತು ಹಾಕಿದ.

ರಾತ್ರಿ ಅಲ್ಲಿಯೇ ಉಳಿದೆವು. ವಿದ್ಯುತ್ ಹೋಗಿತ್ತು. ಕತ್ತಲಲ್ಲಿ ಅವನು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ನ ಕಥೆ ತೆಗೆದ. ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ದಿನವಿಡೀ ಅಲೆದು, ಮನಸ್ಸಿಗೊಪ್ಪುವ ಚಿತ್ರ ಸಿಗದೆ ಆಡಮ್ಸ್ ಕಾರಿನಲ್ಲಿ ಹಿಂದಿರುಗುತ್ತಿದ್ದ. ಹರ್ನಾಂಡೆಜ್ ಎಂಬ ಪುಟ್ಟ ಹಳ್ಳಿಯ ಬಳಿ ರಸ್ತೆಯ ಪಕ್ಕ ನೋಡಿದರೆ, ದೂರದ ಹಿಮದ ಬೆಟ್ಟಗಳ ಮೇಲೆ ಚಂದ್ರ. ಅತ್ತ ಮುಳುಗುತ್ತಿರುವ ಸೂರ್ಯನ ಕೊನೆಯ ಬೆಳಕಿನಲ್ಲಿ ಹಳ್ಳಿಯ ಸಮಾಧಿಭೂಮಿಯ ಶಿಲುಬೆಗಳು ಬೆಳ್ಳಗೆ ಹೊಳೆಯುತ್ತಿವೆ. ಕಾರನ್ನು ನಿಲ್ಲಿಸಿ ದೊಡ್ಡ ಕ್ಯಾಮೆರಾವನ್ನು ಹೂಡಿದ. ಬೆಳಕಿನ ಮಾಪಕ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶದ ಅಳತೆ ನೆನಪಿನಲ್ಲಿತ್ತು. ಅದರಿಂದಲೇ ಲೆಕ್ಕ ಕಟ್ಟಿ ಒಂದು ಚಿತ್ರ ತೆಗೆದ. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿತ್ತು. ಆ ಒಂದೇ ಚಿತ್ರ ಲೋಕಪ್ರಸಿದ್ಧವಾಯಿತು. ಅದನ್ನು ತೆಗೆದ ದಿನ ಅವನಿಗೇ ಮರೆತುಹೋಗಿತ್ತು. ಅನಂತರ ಖಗೋಳಶಾಸ್ತ್ರದ ತಜ್ಞರು ಚಿತ್ರದೊಳಗಿನ ಚಂದ್ರನ ಸ್ಥಾನವನ್ನು ಲೆಕ್ಕ ಹಾಕಿ, ಅದು 1941ರ ನವೆಂಬರ್ 1ರ ಸಂಜೆಯೆಂದು ಗೊತ್ತುಮಾಡಿದರು.

"ಸಕಲ ಸಂತರ ಹಬ್ಬ!" ಎಂದು ನಾನು ಉದ್ಗರಿಸಿದೆ.

"ನಿನಗೆ ಅದು ಹೊಳೆಯಿತು. ನನಗೆ ಹೊಳೆಯುವುದು ಬೇರೆ. ದಿನವೆಲ್ಲ ಏನೂ ಸಿಗದಿದ್ದರೂ ಅವನ ಕಣ್ಣು ರಸ್ತೆಯ ಪಕ್ಕ ನೋಡುವುದನ್ನು ಬಿಟ್ಟಿರಲಿಲ್ಲ" ಎಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮಳೆಯ ಸುದ್ದಿ ಹೇಳುವವನಂತೆ ತನ್ನ ಕಣ್ಣಿನ ಸುದ್ದಿ ಹೇಳಿದ. ಗ್ಲಾಕೋಮಾ. ಎಡಗಣ್ಣಿನ ನೋಟ ಬಹುಮಟ್ಟಿಗೆ ಹೋಗಿದೆ. ಬಲಗಣ್ಣಿಗೆ ಔಷಧಿ ಹನಿಸುತ್ತಿದ್ದಾನೆ. ಹೋದ ನೋಟ ಮರಳದು, ಉಳಿದದ್ದನ್ನು ಕಾಪಾಡಿಕೊಳ್ಳಬಹುದಷ್ಟೇ. ಚಾರ್ಮಾಡಿಯ ಒಂದು ತಿರುವಿನಿಂದ ಕಣಿವೆಯ ಚಿತ್ರವನ್ನು ಅವನು ಯೌವನದಲ್ಲಿ ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆದಿದ್ದ. 2019ರ ಆಗಸ್ಟ್ ಮಳೆಯಲ್ಲಿ ಆ ಘಾಟಿಯ ಹಲವೆಡೆ ಗುಡ್ಡ ಕುಸಿದು ರಸ್ತೆ ಮುಚ್ಚಿಹೋದದ್ದು ಓದುಗರಿಗೆ ನೆನಪಿರಬಹುದು. ಅದೇ ಜಾಗದಲ್ಲಿ ನಿಂತು, ಗಾಯಗೊಂಡ ಕಣಿವೆಯನ್ನು ಮತ್ತೊಮ್ಮೆ ತೆಗೆಯಬೇಕೆಂಬುದು ಅವನ ಆಸೆ.

ನಾನು ಏನೋ ಸಮಾಧಾನದ ಮಾತು ಹೇಳಿದೆ. ಇಂಥ ಸಂದರ್ಭಗಳಿಗೆಂದು ನಮ್ಮಂಥವರ ಬಳಿ ಸಿದ್ಧವಾಗಿರುವ ಮಾತುಗಳವು. ಅವನು "ಹೂಂ" ಎಂದು ಮಗ್ಗುಲು ಬದಲಿಸಿದ.

ಮೂರನೆಯ ಬೆಳಿಗ್ಗೆ ಆರೂವರೆಗೆಲ್ಲ ಆ ತಿರುವಿನಲ್ಲಿದ್ದೆವು. ಮತ್ತೆ ಅದೇ ಬಿಳುಪು. ಕಣಿವೆಯ ಆಳದಿಂದ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಅವನು ಹಳೆಯ ಚಿತ್ರವನ್ನು ಕೈಯಲ್ಲಿ ಹಿಡಿದು, ಟ್ರೈಪಾಡನ್ನು ಅರ್ಧ ಅಡಿ ಎಡಕ್ಕೆ, ಮತ್ತೆ ಒಂದಂಗುಲ ಮುಂದಕ್ಕೆ ಸರಿಸಿ ಜಾಗ ಹೊಂದಿಸಿಕೊಂಡ. ಏಳಾಯಿತು, ಎಂಟಾಯಿತು. ನನಗೆ ಹನ್ನೊಂದು ಗಂಟೆಗೆ ಧರ್ಮಕೇಂದ್ರದ ಕಟ್ಟಡ ಸಮಿತಿಯ ಸಭೆಯಿತ್ತು. ಕೊಡೆ ಹಿಡಿದು ಅತ್ತಿಂದಿತ್ತ ನಡೆದೆ. ಕೆಮ್ಮಿದೆ. ಕೊನೆಗೆ, "ಇಂದು ಇದು ಸರಿಯುವ ಮಂಜಲ್ಲ. ಹೊರಡೋಣ, ಇನ್ನೊಮ್ಮೆ ಬಂದರಾಯಿತು" ಎಂದೆ.

ಅವನು ನನ್ನ ಮುಖವನ್ನೊಮ್ಮೆ ನೋಡಿದ. "ಇನ್ನು ಹತ್ತು ನಿಮಿಷ?" ಎಂದು ಕೇಳಿದ.

"ಸಭೆಗೆ ಜನ ಕಾಯುತ್ತಾರೆ" ಎಂದೆ.

ಮರುಮಾತಾಡದೆ ಟ್ರೈಪಾಡ್ ಮಡಿಸಿದ. ಎರಡು ತಿರುವು ಇಳಿದಿದ್ದೆವು, ಅಷ್ಟೆ. ಎದುರಿನ ಮಂಜಿನಲ್ಲಿ ಮೊದಲು ಒಂದು ಹಳದಿಯ ಛಾಯೆ ಮೂಡಿತು. ಅನಂತರ ಯಾರೋ ಪರದೆಯನ್ನು ಹಿಡಿದೆಳೆದಂತೆ ಕಣಿವೆ ಇಡಿಯಾಗಿ ತೆರೆದುಕೊಂಡಿತು. ಎದುರು ಬೆಟ್ಟದ ಮೈಯಲ್ಲಿ ಕೆಂಪು ಮಣ್ಣಿನ ಉದ್ದನೆಯ ಗೀರು, ಅದರ ಅಂಚಿನಲ್ಲಿ ಮೊಳೆತ ಎಳೆಯ ಹಸಿರು, ನಡುವೆ ಬೆಳ್ಳಿಯ ಎಳೆಯಂತಹ ನೀರು. ಅಲ್ಲಿ ವಾಹನ ನಿಲ್ಲಿಸಲು ಜಾಗವಿರಲಿಲ್ಲ. ಒಂದು ಬದಿಗೆ ಪ್ರಪಾತ, ಹಿಂದೆ ವಾಹನಗಳ ಸಾಲು. ಜಾಗ ಸಿಕ್ಕಿ, ಅವನು ಜೀಪಿನಿಂದಿಳಿದು ಕ್ಯಾಮೆರಾ ಚೀಲದ ಜಿಪ್ಪಿಗೆ ಕೈಹಾಕುವಷ್ಟರಲ್ಲಿ ಎಲ್ಲವೂ ಮತ್ತೆ ಬೆಳ್ಳಗಾಗಿತ್ತು. ಚೀಲದ ಮೇಲೆ ಕೈಯಿಟ್ಟು ಅವನು ಒಂದು ಕ್ಷಣ ನಿಂತ. ಅನಂತರ ಜೀಪು ಹತ್ತಿ, "ನಿನಗೆ ಹೊತ್ತಾಗುತ್ತದೆ" ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹನ್ನೊಂದಕ್ಕೆ ಮೊದಲೇ ಮನೆ ತಲುಪಿದೆ. ಮಳೆಯ ದೆಸೆಯಿಂದ ಸಮಿತಿಯವರು ಸಭೆಯನ್ನು ಮುಂದೂಡಿದ್ದರು.

ಕ್ರಿಸ್ತಜಯಂತಿಯ ಹೊತ್ತಿಗೆ ಅಂಚೆಯಲ್ಲಿ ಅವನಿಂದ ಒಂದು ದೊಡ್ಡ ಲಕೋಟೆ ಬಂತು. ಒಳಗೊಂದು ಚಿತ್ರ. ತುಂಬ ಬೆಳ್ಳಗಿನ, ಚೂರೂ ಬೂದಿಯಿಲ್ಲದ ಮಂಜು. ಅದರ ನಡುವೆ ಕಪ್ಪು ಕೊಡೆ ಹಿಡಿದ ಒಬ್ಬ ಮನುಷ್ಯ, ಕಣಿವೆಗೆ ಬೆನ್ನು ಮಾಡಿ, ಮುಂಗೈ ಎತ್ತಿ ಗಡಿಯಾರ ನೋಡುತ್ತಿದ್ದಾನೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ "ಚಾರ್ಮಾಡಿ, ಬೆಳಿಗ್ಗೆ 8.20" ಎಂದಷ್ಟೇ ಬರೆದಿತ್ತು. ಅವನು ಅದನ್ನು ಯಾವಾಗ ತೆಗೆದನೋ ನಾನರಿಯೆ. ತಾಳ್ಮೆಯ ಬಗ್ಗೆ ಎಷ್ಟೋ ಪ್ರಸಂಗಗಳನ್ನು ಮಾಡಿರುವ ನನ್ನ ಬಗ್ಗೆ ಯಾರೂ ಅಷ್ಟು ನಿಜವಾದ ಮಾತನ್ನು ಅಷ್ಟು ಮೃದುವಾಗಿ ಹೇಳಿದ್ದಿಲ್ಲ. ಆ ಚಿತ್ರ ಇಂದಿಗೂ ನನ್ನ ಮೇಜಿನ ಮೇಲಿದೆ.

2024ರ ನವೆಂಬರಿನಲ್ಲಿ ನಾನೇ ಅವನನ್ನು ಕರೆದೊಯ್ದೆ. ಜೀಪು ಓಡಿಸಿದ್ದು ಅವನ ಮಗ. ಬಲಗಣ್ಣಿನ ನೋಟವೂ ಅಷ್ಟರಲ್ಲಿ ಬಹಳ ಕಿರಿದಾಗಿತ್ತು. ಕೊಳವೆಯೊಳಗಿಂದ ನೋಡಿದಂತೆ ಕಾಣುತ್ತದೆ ಎನ್ನುತ್ತಿದ್ದ. ಗಡಿಯಾರವನ್ನು ನಾನು ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೆ. ಅದೇ ತಿರುವು, ಅದೇ ಮಂಜು. ಟ್ರೈಪಾಡನ್ನು ನಾನು ನೆಟ್ಟೆ. ಅವನು ಕೈಯಿಂದ ಸವರಿ, ಅರ್ಧ ಅಡಿ ಎಡಕ್ಕೆ ಸರಿಸಿದ.

ಬಹಳ ಹೊತ್ತಿನ ಮೇಲೆ, "ನಿನಗೇನಾದರೂ ಕಾಣುತ್ತಿದೆಯೇ?" ಎಂದು ಕೇಳಿದ.

"ಇಲ್ಲ. ಬರಿಯ ಬಿಳುಪು" ಎಂದೆ.

"ಹಾಗಾದರೆ ಈಗ ನಾವಿಬ್ಬರೂ ಸರಿಸಮ" ಎಂದು ನಕ್ಕ.

ಕಣಿವೆ ಅಂದು ತೆರೆಯಲಿಲ್ಲ. ಕತ್ತಲಾಗುವವರೆಗೂ ನಾವು ಅಲ್ಲಿಯೇ ಕುಳಿತಿದ್ದೆವು.