ತಂಬಾಕಿನ ಊರು ನಿಪ್ಪಾಣಿ

ಬೆಳಗಾವಿಯಿಂದ ಕೊಲ್ಲಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆ ಹೋಗುವ ಹೆಣ್ಣುಮಕ್ಕಳು ನಿಪ್ಪಾಣಿಯನ್ನು ಬಸ್ಸಿನ ಕಿಡಕಿಯಿಂದ ನೋಡಿಯೇ ನೋಡಿರುತ್ತಾರೆ. ಸಂಕೇಶ್ವರ ದಾಟಿ, ಸ್ತವನಿಧಿಯ ಘಾಟ ಇಳಿದರೆ ಸಿಗುವ ಊರು ಇದು. ಇಲ್ಲಿಂದ ಸ್ವಲ್ಪ ಮುಂದಕ್ಕೆ ಹೋದರೆ ಮಹಾರಾಷ್ಟ್ರ. ಬಸ್ಸು ಹತ್ತು ನಿಮಿಷ ನಿಂತಾಗ ಒಂದು ಚಹಾ ಕುಡಿದು ಮುಂದೆ ಹೋಗುವುದೇ ರೂಢಿ. ಆದರೆ ಒಂದು ದಿನ ಇಳಿದು ನೋಡಬೇಕಾದ ಊರು ಇದು. ಯಾಕೆಂದರೆ ಈ ಊರನ್ನು ಕಟ್ಟಿ ನಿಲ್ಲಿಸಿದವರಲ್ಲಿ ನಮ್ಮಂಥ ಹೆಂಗಸರದೇ ದೊಡ್ಡ ಪಾಲು.

ದೇಸಾಯರ ಕಾಲದಿಂದ

ಪೇಶವೆಯರ ಕಾಲದಲ್ಲಿ ನಿಪ್ಪಾಣಿ ದೇಸಾಯರ ಸಂಸ್ಥಾನವಾಗಿತ್ತು. ಸಿದ್ಧೋಜಿರಾವ್ ನಿಂಬಾಳ್ಕರ್ ಎಂಬ ದೇಸಾಯರ ಹೆಸರು ಆ ಕಾಲದಲ್ಲಿ ದೂರದೂರದವರೆಗೂ ಕೇಳಿ ಬರುತ್ತಿತ್ತು. 1839ರಲ್ಲಿ ಅವರು ತೀರಿಕೊಂಡ ಮೇಲೆ ಸಂಸ್ಥಾನ ಇಂಗ್ಲಿಷರ ಪಾಲಾಯಿತು. ಊರು ಮಾತ್ರ ಕುಗ್ಗಲಿಲ್ಲ. ಸುತ್ತಲಿನ ಕರಿ ಮಣ್ಣಿನಲ್ಲಿ ಬೀಡಿ ತಂಬಾಕು ಚೆನ್ನಾಗಿ ಬೆಳೆಯಿತು. ವ್ಯಾಪಾರಿಗಳು ಬಂದು ವಖಾರಿ ಹಾಕಿದರು. ಮರಾಠರು, ಲಿಂಗಾಯತರು, ಜೈನರು, ಮುಸಲ್ಮಾನರು, ಗುಜರಾತಿಗಳು, ದಲಿತರು ಎಲ್ಲರೂ ಇದ್ದ ಪೇಟೆ ಊರಾಯಿತು. 1925ರಲ್ಲಿ ಡಾ. ಅಂಬೇಡ್ಕರರು ದಲಿತರ ಪರಿಷತ್ತಿಗೆಂದು ಇಲ್ಲಿಗೇ ಬಂದಿದ್ದರು.

1956ರ ನವೆಂಬರ್ 1ರಂದು ಮುಂಬೈ ರಾಜ್ಯದಲ್ಲಿದ್ದ ಈ ಊರು ಮೈಸೂರು ರಾಜ್ಯಕ್ಕೆ ಬಂತು. ಗಡಿಯ ವಾದ ಆಗಿನಿಂದಲೂ ಇದೆ. ಮನೆ ಮನೆಯಲ್ಲಿ ನೋಡಿದರೆ ಮಾತ್ರ ಬೇರೆಯೇ ಕಾಣುತ್ತದೆ. ಅಡುಗೆ ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಪಕ್ಕದ ಓಣಿಯಲ್ಲಿ ಉರ್ದು. ತರಕಾರಿ ಮಾರುವಾಕೆ ಕೂಡ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾಳೆ! ಊರಿಗೆ ಅಂಟಿಕೊಂಡಿರುವ ದೇವಚಂದ ಕಾಲೇಜಿನ ವಿಳಾಸ ಅರ್ಜುನನಗರ, ಕೊಲ್ಲಾಪುರ ಜಿಲ್ಲೆ. ಊರೊಳಗಿನ ಬಾಗೇವಾಡಿ ಕಾಲೇಜು ಕರ್ನಾಟಕದ್ದು. ಹೀಗಾಗಿ ಒಂದೇ ಮನೆಯ ಅಕ್ಕ ಶಿವಾಜಿ ವಿಶ್ವವಿದ್ಯಾಲಯದ ಪದವೀಧರೆ, ತಂಗಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪದವೀಧರೆ ಆಗಬಹುದು.

ಸಾವಿರದ ಲೆಕ್ಕ

ಮಧ್ಯಾಹ್ನದ ಹೊತ್ತು ಓಣಿಗಳಲ್ಲಿ ಸುತ್ತಾಡಿದರೆ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಕೂತ ಹೆಂಗಸರು ಕಾಣುತ್ತಾರೆ. "ಬರ್ರಿ ಅಕ್ಕಾರ, ಕೂಡ್ರಿ" ಅಂತ ಕರೆಯುತ್ತಾರೆ, ಕೈ ಮಾತ್ರ ನಿಲ್ಲುವುದಿಲ್ಲ. ನೆನೆಸಿದ ಬೀಡಿ ಎಲೆಯನ್ನು ಅಳತೆಗೆ ಕತ್ತರಿಸಬೇಕು. ಚಿಟಿಕೆ ತಂಬಾಕು ಹಾಕಿ ಸುರುಳಿ ಸುತ್ತಬೇಕು, ನೂಲು ಬಿಗಿಯಬೇಕು, ಬಾಯಿ ಮಡಚಬೇಕು. ಕೂಲಿ ಸಿಗುವುದು ಸಾವಿರದ ಲೆಕ್ಕದಲ್ಲಿ. ಸಾವಿರ ತುಂಬಬೇಕೆಂದರೆ ಬೆಳಗಿನ ರೊಟ್ಟಿ, ನೀರು, ಮಕ್ಕಳ ಸಾಲಿ ಎಲ್ಲ ಮುಗಿಸಿ ಕೂತವಳು ದೀಪ ಹಚ್ಚುವವರೆಗೂ ಏಳುವಂತಿಲ್ಲ. ಅದರಲ್ಲೂ ಸರಿಯಿಲ್ಲವೆಂದು ಒಂದಿಷ್ಟು ಬೀಡಿ ತೆಗೆದು ಹಾಕಿದರೆ ಆ ದುಡಿಮೆ ಹೋದಂತೆಯೇ.

ವಖಾರಿಯ ಕೆಲಸ ಇನ್ನೂ ಕಷ್ಟದ್ದು. ಒಣಗಿದ ತಂಬಾಕನ್ನು ಬಡಿದು, ಜರಡಿ ಹಿಡಿದು, ಕಡ್ಡಿ ಬೇರೆ ಮಾಡುವಾಗ ಏಳುವ ಧೂಳು ಮೂಗು, ಗಂಟಲು, ಕಣ್ಣು ಯಾವುದನ್ನೂ ಬಿಡುವುದಿಲ್ಲ. ಸೆರಗಿನಿಂದ ಮೂಗು ಕಟ್ಟಿಕೊಂಡರೂ ಕೆಮ್ಮು ತಪ್ಪದು.

ಇದನ್ನೆಲ್ಲ ಈ ಹೆಂಗಸರು ಹಣೆಬರಹ ಅಂತ ಸುಮ್ಮನೆ ಸಹಿಸಲಿಲ್ಲ. 1980ರ ಆಸುಪಾಸಿನಲ್ಲಿ ಸಾವಿರಾರು ತಂಬಾಕು ಕೆಲಸಗಾರ್ತಿಯರು ಸಂಘ ಕಟ್ಟಿದರು, ಕೂಲಿ ಹೆಚ್ಚಿಸಿರೆಂದು ಬೀದಿಗಿಳಿದರು. ಓದು ಬರಹ ಬಾರದವರೂ ಸಭೆಯಲ್ಲಿ ಎದ್ದು ನಿಂತು ಮಾತಾಡಿದರು. ದೀಪಾ ಧನರಾಜ್ ಮತ್ತು ಗೆಳತಿಯರ 'ಯುಗಾಂತರ' ತಂಡ 1982ರಲ್ಲಿ ಇವರ ಮೇಲೆ ಒಂದು ಸಾಕ್ಷ್ಯಚಿತ್ರವನ್ನೇ ತೆಗೆಯಿತು. 1981ರಲ್ಲಿ ತಂಬಾಕು ರೈತರೂ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಯ ಮೇಲೇ ವಾರಗಟ್ಟಲೆ ಕೂತಿದ್ದರು. ಏಪ್ರಿಲ್ 6ರಂದು ನಡೆದ ಗೋಲಿಬಾರಿನಲ್ಲಿ ಹತ್ತಕ್ಕೂ ಹೆಚ್ಚು ರೈತರು ಪ್ರಾಣ ಬಿಟ್ಟರು. ನಾವು ಬಸ್ಸಿನಲ್ಲಿ ಕಣ್ಣು ಮುಚ್ಚಿ ದಾಟುವ ರಸ್ತೆಗೆ ಇಂಥ ನೆನಪೂ ಇದೆ.

ಎಷ್ಟು ಜನ, ಎತ್ತ ಕಡೆ?

1901ರಲ್ಲಿ ನಿಪ್ಪಾಣಿಯ ಜನಸಂಖ್ಯೆ ಹನ್ನೊಂದು ಸಾವಿರದಷ್ಟು. 2001ರಲ್ಲಿ ಅದು 58 ಸಾವಿರವಾಯಿತು. 2011ರ ಗಣತಿಯಲ್ಲಿ ಸುಮಾರು 63 ಸಾವಿರ. ಅದೇ ಗಣತಿಯಲ್ಲಿ ಚಿಕ್ಕೋಡಿಯದು 38 ಸಾವಿರದಷ್ಟು. ತಾಲ್ಲೂಕಿನ ಮುಖ್ಯ ಊರಿಗಿಂತ ನಿಪ್ಪಾಣಿಯೇ ದೊಡ್ಡದಾಗಿದ್ದರೂ ಸಣ್ಣ ಕಾಗದಕ್ಕೂ ಜನ ಚಿಕ್ಕೋಡಿಗೆ ಓಡಬೇಕಾಗಿತ್ತು. 2018ರ ಹೊತ್ತಿಗೆ ನಿಪ್ಪಾಣಿ, ಕಾಗವಾಡ ಎರಡೂ ಬೇರೆ ತಾಲ್ಲೂಕುಗಳಾದವು.

ಆದರೆ ಈ ಅಂಕಿಗಳಲ್ಲಿ ಗಮನಿಸಬೇಕಾದ ಮಾತೊಂದಿದೆ. 2001ರಿಂದ 2011ರವರೆಗೆ ಇಡೀ ಕರ್ನಾಟಕದ ಜನ ನೂರಕ್ಕೆ 15ಕ್ಕಿಂತ ಹೆಚ್ಚು ಬೆಳೆದರು, ನಿಪ್ಪಾಣಿ ಬೆಳೆದದ್ದು ನೂರಕ್ಕೆ 8ರಷ್ಟು ಮಾತ್ರ. ಸುತ್ತಲಿನ ಹೊಲಗಳಲ್ಲಿ ಕಬ್ಬು ಬಂದಿದೆ, ಹಾಲಸಿದ್ಧನಾಥ ಸಕ್ಕರೆ ಕಾರ್ಖಾನೆ ಇದೆ. ಬೀಡಿ ಸೇದಿದರೆ ಆರೋಗ್ಯ ಕೆಡುತ್ತದೆಂದು ಈಗ ಎಲ್ಲರಿಗೂ ಗೊತ್ತು. ಸೇದುವವರು ಕಡಿಮೆಯಾಗುವುದು ಒಳ್ಳೆಯದೇ. ಆದರೆ ಕಟ್ಟುವವಳ ಮನೆಯ ಒಲೆ? ಬೀಡಿ ಕೆಲಸದ ಗುರುತಿನ ಚೀಟಿ ಇದ್ದರೆ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ಅದನ್ನು ಬಿಡದೆ ಮಾಡಿಸಿ, ಮಗಳನ್ನು ಮೊರದ ಮುಂದೆ ಕೂಡಿಸದೆ ಕಾಲೇಜಿಗೆ ಕಳಿಸುವ ತಾಯಂದಿರೇ ಇದಕ್ಕೆ ಉತ್ತರ ಹುಡುಕುತ್ತಿದ್ದಾರೆ.

ಹೋಗುವವರಿಗೆ

ನಿಪ್ಪಾಣಿಗೆ ರೈಲಿಲ್ಲ. ಬೆಳಗಾವಿ, ಕೊಲ್ಲಾಪುರ ಎರಡೂ ಕಡೆಯಿಂದ ಬೇಕಾದಷ್ಟು ಬಸ್ಸಿವೆ, ಎರಡೂ ರಾಜ್ಯದವು. ರೈಲಿನಲ್ಲಿ ಬರುವವರು ಮೀರಜ ಮಾರ್ಗದ ರಾಯಬಾಗ ಅಥವಾ ಚಿಕ್ಕೋಡಿ ರೋಡ್ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬಹುದು. ಹತ್ತಿರದ ಸ್ತವನಿಧಿ ಜೈನರ ಪವಿತ್ರ ಕ್ಷೇತ್ರ, ತಪ್ಪದೆ ನೋಡಿ. ಇನ್ನೊಂದು ದಿನ ಕೈಯಲ್ಲಿದ್ದರೆ ಕೃಷ್ಣೆಯ ದಂಡೆಯ ಯಡೂರು ವೀರಭದ್ರನ ದರ್ಶನ ಮಾಡಿ, ಅಥಣಿಗೆ ಹೋಗಿ. ಕೊಲ್ಲಾಪುರಿ ಎಂದು ಜಗತ್ತೆಲ್ಲ ಮೆಚ್ಚುವ ಚಪ್ಪಲಿಗಳನ್ನು ಅಲ್ಲಿಯ ಮನೆಗಳಲ್ಲೂ ಹೊಲಿಯುತ್ತಾರೆ. ಆ ಕೆಲಸದಲ್ಲೂ ಅರ್ಧ ಹೆಂಗಸರ ಕೈಯೇ! ಚೌಕಾಸಿ ಮಾಡುವಾಗ ಆ ಕೈಗಳನ್ನು ಸ್ವಲ್ಪ ನೆನೆಯಿರಿ.