‘ಚೆನ್ನಾಗಿದೆ’ ಎಂದರೆ ಸಾಲದು

ನನ್ನ ಗೆಳತಿ ಚಿತ್ರ ಬರೆಯುವವಳು, ನಾನು ಅವಳಿಗೆ ಕಾಗದ ಬರೆಯುವವಳು. ನೆಲಮಂಗಲದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಅವಳು ನನ್ನ ವಿಜ್ಞಾನದ ರೆಕಾರ್ಡಿಗೆ ಕಪ್ಪೆ, ದಾಸವಾಳ ಬಿಡಿಸಿಕೊಟ್ಟು, ನಾನು ಅವಳಿಗೆ ಪ್ರಬಂಧ ಬರೆದುಕೊಟ್ಟು, ಹೇಗೋ ಪಾಸಾದವರು ನಾವು. ಮದುವೆಯಾಗಿ ಅವಳು ಕೆನಡಾದ ಟೊರಾಂಟೊ ಸೇರಿದಳು. ನಾನು ಎರಡು ಬೀದಿ ದಾಟಿ ಅತ್ತೆಮನೆ ಸೇರಿದೆ.

ಈಚೆಗೆ ಅವಳು ತನ್ನ ಹೊಸ ಕೃತಿಯ ಫೋಟೋ ಮೊಬೈಲಿಗೆ ಕಳಿಸಿ ‘ಹೇಗಿದೆ?’ ಎಂದು ಕೇಳಿದಳು. ಒಲೆಯ ಮೇಲೆ ಅವರೆಕಾಳಿನ ಹುಳಿ ಕುದಿಯುತ್ತಿತ್ತು. ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ‘ತುಂಬಾ ಚೆನ್ನಾಗಿದೆ ಕಣೇ’ ಎಂದು ಬರೆದೆ. ತಕ್ಷಣ ಫೋನು ಬಂತು.

“ಉಪ್ಪಿಟ್ಟಿಗೂ ಅದನ್ನೇ ಹೇಳ್ತೀಯ, ನನ್ನ ಚಿತ್ರಕ್ಕೂ ಅದನ್ನೇ ಹೇಳ್ತೀಯಲ್ಲೇ! ಸರಿಯಾಗಿ ನೋಡಿ ಹೇಳು.”

ಒಲೆ ಆರಿಸಿ, ಕನ್ನಡಕ ಹಾಕಿಕೊಂಡು ಕೂತೆ. ಕೆಳಭಾಗದಲ್ಲಿ ಅವಳ ಅಮ್ಮನ ಹಳೆಯ ನೂಲಿನ ಸೀರೆಯ ತುಂಡುಗಳು. ಅವುಗಳ ಮೇಲೆ ಕೌದಿ ಹೊಲಿದ ಹಾಗೆ ದಪ್ಪ ದಾರದ ಹೊಲಿಗೆ. ಮೇಲೆಲ್ಲ ತಿಳಿನೀಲಿ ಆಕಾಶ. ಬೆರಳಿನಿಂದ ಹಿಗ್ಗಿಸಿ ನೋಡಿದರೆ ಆಕಾಶ ಬಣ್ಣದ್ದಲ್ಲ, ಕಾಗದದ್ದು. ನಾನು ಅವಳಿಗೆ ಬರೆದಿದ್ದ ಏರೋಗ್ರಾಮ್‌ಗಳು!

ಎದೆ ಧಸಕ್ಕೆಂದಿತು. ಮನೆಯವರೆಲ್ಲ ಮಲಗಿದ ಮೇಲೆ ಅಡಿಗೆಮನೆಯ ದೀಪದಲ್ಲಿ ಬರೆದ ಕಾಗದಗಳವು. 1994ರಲ್ಲಿ ಟೀಚರ್ ಕೆಲಸ ಬಿಡಬೇಕಾಗಿ ಬಂದಾಗ ಎಲ್ಲರೆದುರು ‘ನನಗೂ ಸಾಕಾಗಿತ್ತು’ ಎಂದು ನಕ್ಕಿದ್ದೆ. ಸತ್ಯ ಬರೆದದ್ದು ಅವಳೊಬ್ಬಳಿಗೇ. ಅದೀಗ ಕತ್ತರಿಗೆ ಸಿಕ್ಕಿ ಗೋಡೆಯ ಮೇಲೆ! ಟೊರಾಂಟೊದಲ್ಲಿ ಕನ್ನಡ ಓದುವವರಿಗೇನು ಕಡಿಮೆಯೇ? ಮೂರು ದಿನ ಅವಳ ಫೋನು ಎತ್ತಲಿಲ್ಲ.

ನನ್ನ ಮುಖ ನೋಡಿ ಮಗಳು ಪಾಠಕ್ಕೆ ಕೂತಳು. ಬಣ್ಣದ ಜೊತೆಗೆ ಬಟ್ಟೆ, ಕಾಗದ, ಹಗ್ಗ, ಏನನ್ನಾದರೂ ಕೂಡಿಸುವುದಕ್ಕೆ ಮಿಶ್ರ ಮಾಧ್ಯಮ ಎನ್ನುತ್ತಾರಂತೆ. 1912ರಲ್ಲಿ ಪಿಕಾಸೊ, ಬೆತ್ತದ ಕುರ್ಚಿಯ ಹೆಣಿಗೆಯನ್ನು ಅಚ್ಚು ಹಾಕಿದ್ದ ಮೇಣಬಟ್ಟೆಯ ತುಂಡನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಹಾಕಿದನಂತೆ. ಹಳೇ ಸೀರೆಯಲ್ಲಿ ಕೌದಿ ಹೊಲಿದ ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ ‘ಇದೇನು ಮಹಾ’ ಎನ್ನುತ್ತಿದ್ದರೇನೋ!

ಆಮೇಲೆ ಅವಳು ತೋರಿಸಿದ್ದು ಶೀಲಾ ಗೌಡ ಅವರ ಕೆಲಸ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ. 1998ರ ಒಂದು ಕೃತಿಯಲ್ಲಿ ಅವರು ಉದ್ದುದ್ದ ದಾರಗಳನ್ನು ಸೂಜಿಗಣ್ಣಿನಲ್ಲಿ ಪೋಣಿಸಿ, ಅಂಟು, ಕುಂಕುಮ ಸವರಿ ಕೆಂಪು ಹುರಿಯಾಗಿಸಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು. 2009ರಲ್ಲಿ ವೆನಿಸ್ಸಿನ ಕಲಾಮೇಳದಲ್ಲಿ ತೋರಿಸಿದ್ದಂತೂ ಕೂದಲಿನ ಹಗ್ಗಗಳಿಂದ ತೂಗಿಬಿಟ್ಟ ಕಾರಿನ ಬಂಪರುಗಳು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ನಾನು ಬೆರಗಾದೆ. ದೃಷ್ಟಿ ತಾಗದಿರಲೆಂದು ಗಾಡಿಗೆ ಕಟ್ಟುವ ಆ ಕೂದಲ ಹಗ್ಗ ಹೆದ್ದಾರಿಯ ಊರಿನವಳಾದ ನನಗೆ ಹೊಸದೇ? ಪುಣೆಯ ಕಡೆಗೂ ಮಂಗಳೂರಿನ ಕಡೆಗೂ ಹೆದ್ದಾರಿ ಕವಲೊಡೆಯುವುದು ನಮ್ಮಲ್ಲೇ. ದಿನಾ ಕಂಡರೂ ಒಂದು ದಿನವೂ ನಿಂತು ನೋಡಿರಲಿಲ್ಲ.

ಆಗ ಒಂದು ಮಾತು ಹೊಳೆಯಿತು. ಸೂಜಿಗೆ ಸವರಿದರೂ ಕುಂಕುಮ ಕುಂಕುಮವೇ, ಬರೀ ಕೆಂಪು ಬಣ್ಣವಲ್ಲ. ವಸ್ತುಗಳು ತಮ್ಮ ಬದುಕನ್ನು ಜೊತೆಗೇ ತರುತ್ತವೆ. ಹಾಗಾದರೆ ಕೇಳಬೇಕಾದದ್ದು ‘ಇದು ಯಾವುದರ ಹಾಗಿದೆ?’ ಎಂದಲ್ಲ, ‘ಬಣ್ಣ ಬಿಟ್ಟು ಇದನ್ನೇ ಯಾಕೆ ತಂದಳು?’ ಎಂದು.

ಮತ್ತೆ ಫೋಟೋ ತೆಗೆದೆ. ಕಾಗದಗಳನ್ನೆಲ್ಲ ಅವಳು ಬರಹ ಒಳಗಾಗುವಂತೆ ಮಗುಚಿ ಅಂಟಿಸಿದ್ದಳು. ಒಂದಕ್ಷರವೂ ಓದಲು ಬಾರದು. ಆ ಬದಿಯಿಂದ ಒಸರಿದ ಶಾಯಿಯ ನೆರಳು ಮಾತ್ರ, ಮಳೆ ಹೊತ್ತ ಮೋಡದ ಹಾಗೆ. ಮೂಲೆಯಲ್ಲಿ ಸೂರ್ಯ ಎಂದುಕೊಂಡಿದ್ದ ಕಪ್ಪು ದುಂಡು ನೆಲಮಂಗಲದ ಅಂಚೆ ಮುದ್ರೆ!

ಫೋನು ಮಾಡಿ, “ಮಾತೆಲ್ಲ ಒಳಗೇ ಇಟ್ಟಿದ್ದೀಯ” ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬರೆದವಳು ನೀನು, ತೋರಿಸೋದಕ್ಕೆ ನಾನ್ಯಾರು? ಆದ್ರೆ ಕೇಳದೆ ಕತ್ತರಿ ಹಾಕಿದ್ದು ತಪ್ಪು ಕಣೇ. ಇಲ್ಲಿ ಮೊದಮೊದಲು ಆರಾರು ತಿಂಗಳು ಮಂಜು. ನಿನ್ನ ಕಾಗದ ಬಂದ ದಿನವೇ ನನಗೆ ನೀಲಿ ಕಾಣ್ತಿದ್ದದ್ದು.”

ನನ್ನ ಗಂಟಲು ಕಟ್ಟಿತು. ಅದನ್ನು ಮರೆಸಲು, “ಕೆಳಗಿನ ಹೊಲಿಗೆ ಮಾತ್ರ ತೀರಾ ನೇರವಾಗಿದೆ. ನಿಮ್ಮಮ್ಮನ ಹೊಲಿಗೆ ಸೊಟ್ಟಸೊಟ್ಟಗೆ ಓಡ್ತಿತ್ತು” ಎಂದೆ.

“ಸದ್ಯ, ಉಪ್ಪಿಟ್ಟು ಬಿಟ್ಟು ಮುಂದೆ ಬಂದೆ!” ಎಂದು ನಕ್ಕಳು. ವಾರದ ನಂತರ ಇನ್ನೊಂದು ಫೋಟೋ ಬಂತು. ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದಳು, ಸೊಟ್ಟಗೆ.

ಈಗ ನಮ್ಮ ಮನೆಯಲ್ಲಿ ಯಾರಾದರೂ ‘ಹುಳಿ ಚೆನ್ನಾಗಿದೆ’ ಎಂದರೆ ನಾನೂ ಬಿಡುವುದಿಲ್ಲ. “ಏನು ಚೆನ್ನಾಗಿದೆ, ಸರಿಯಾಗಿ ಹೇಳಿ” ಎಂದು ಸೌಟು ಹಿಡಿದು ನಿಲ್ಲುತ್ತೇನೆ.